ಕುಟುಂಬ ಪ್ರಾರ್ಥನೆಯ ಹೊತ್ತಿಗೇ ಪಂದ್ಯ ಶುರುವಾಗುವ ಮನೆಯಲ್ಲಿ ಏನು ಮಾಡಬೇಕು?

ಧಾರವಾಡದ ಗೃಹಿಣಿ
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮನೆಯಲ್ಲಿ ನಮ್ಮ ಅತ್ತೆಯವರು, ಯಜಮಾನರು, ಒಂಬತ್ತನೆಯ ತರಗತಿಯ ಮಗ ಮತ್ತು ನಾನು ಇದ್ದೇವೆ. ರಾತ್ರಿ ಒಂಬತ್ತಕ್ಕೆ ಕುಟುಂಬ ಪ್ರಾರ್ಥನೆ ನಡೆಸುವುದು ನಮ್ಮ ಮಾವನವರ ಕಾಲದಿಂದ ಬಂದ ಪದ್ಧತಿ. ಯಜಮಾನರೂ ಮಗನೂ ಫೋನಿನಲ್ಲಿ ಬಿಜಿಎಂಐ ಎಂಬ ಆನ್‌ಲೈನ್ ಬಂದೂಕಿನ ಆಟವನ್ನು ಆಡುತ್ತಾರೆ, ಮತ್ತು ಅವರ ತಂಡದ ಉಳಿದಿಬ್ಬರು ಕೆಲಸ ಮುಗಿಸಿ ಸೇರುವುದೂ ಸರಿಯಾಗಿ ಅದೇ ಒಂಬತ್ತಕ್ಕೆ. "ಇದೊಂದು ಮುಗಿಯಲಿ" ಎನ್ನುವಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಅತ್ತೆಯವರು ಸತ್ಯವೇದವನ್ನೂ ಕೀರ್ತನೆಯ ಪುಸ್ತಕವನ್ನೂ ತೊಡೆಯ ಮೇಲಿಟ್ಟುಕೊಂಡು ಕಾದು, ಕಡೆಗೆ ಒಬ್ಬರೇ ಪ್ರಾರ್ಥಿಸಿ ಮಲಗುತ್ತಾರೆ.

ನನ್ನ ಯಜಮಾನರು ಒಳ್ಳೆಯವರು. ಕುಡಿತವಿಲ್ಲ, ಹೊರಗೆ ಅಲೆಯುವುದಿಲ್ಲ, ಭಾನುವಾರದ ಆರಾಧನೆಯನ್ನು ತಪ್ಪಿಸುವುದಿಲ್ಲ. "ದಿನವಿಡೀ ಕಚೇರಿಯಲ್ಲಿ ದುಡಿದು ಬಂದವನಿಗೆ ಇದೊಂದೇ ವಿರಾಮ, ಅದನ್ನೂ ಮಗನ ಜೊತೆಯಲ್ಲೇ ಕಳೆಯುತ್ತೇನಲ್ಲ" ಎನ್ನುತ್ತಾರೆ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ಮನಸ್ಸಿಗೆ ಸಮಾಧಾನವೂ ಇಲ್ಲ. ಆಟವೇ ಪಾಪವೋ ಅಲ್ಲವೋ ಎಂದು ನಾನು ಕೇಳುತ್ತಿಲ್ಲ. ಜಗಳವಾಗದಂತೆ ಇವೆರಡನ್ನೂ ಒಂದೇ ಮನೆಯಲ್ಲಿ ಹೊಂದಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ.

ಹಾಸನದ ಹಿರಿಯ
ತಂಗೀ, ನೀವು ಕೇಳದಿದ್ದರೂ ಆ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಮನೆಯಲ್ಲಿ ಕೂತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ದೇವರ ಮಾತುಗಳನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ಹೇಳುತ್ತದೆ. ಆ ಹೊಣೆ ತಂದೆಯದು. ತಂದೆಯೇ ಮಗನ ಕೈಗೆ ಬಂದೂಕಿನ ಆಟವನ್ನು ಕೊಟ್ಟು, ತನ್ನ ತಾಯಿಯನ್ನು ಕಾಯಿಸುವುದಾದರೆ ಅಲ್ಲಿ ಹೊಂದಿಸಿಕೊಳ್ಳುವುದಕ್ಕೆ ಏನಿದೆ? ಆ ಆಟವನ್ನು ಮನೆಯಿಂದ ತೆಗೆದುಹಾಕಿ. ಮೊದಲು ಸ್ವಲ್ಪ ದಿನ ಮುನಿಸು ಇರುತ್ತದೆ, ಆಮೇಲೆ ಸರಿಹೋಗುತ್ತದೆ.

ಗೇಮ್ ಕಂಪನಿ ಉದ್ಯೋಗಿ, ಬೆಂಗಳೂರು
ಹಿರಿಯರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಪರಿಹಾರವನ್ನು ಒಪ್ಪಲಾರೆ. ನಾನು ಇದೇ ಉದ್ಯಮದಲ್ಲಿ ಕೆಲಸ ಮಾಡುವವನು, ಎರಡು ಮಕ್ಕಳ ತಂದೆ, ಮೆಥೋಡಿಸ್ಟ್ ಸಭೆಯ ಸದಸ್ಯ. ಆಟ ಒಳಗೆ ಹೇಗೆ ನಡೆಯುತ್ತದೆ ಎಂಬುದು ತಿಳಿಯದೆ ಮನೆಯ ಈ ಜಗಳ ಬಗೆಹರಿಯುವುದಿಲ್ಲ.

ಬಿಜಿಎಂಐನಲ್ಲಿ ಸಾಮಾನ್ಯವಾಗಿ ನೂರು ಮಂದಿ ಒಂದೇ ದ್ವೀಪಕ್ಕೆ ಇಳಿಯುತ್ತಾರೆ. ಎರಾಂಗೆಲ್‌ನಂಥ ದೊಡ್ಡ ನಕ್ಷೆಯಲ್ಲಿ ಕಡೆಯವರೆಗೂ ಉಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ನಡುವೆ ನಿಲ್ಲಿಸಿಟ್ಟು ಮತ್ತೆ ಬಂದು ಮುಂದುವರಿಸುವ ಅನುಕೂಲ ಅದರಲ್ಲಿಲ್ಲ, ಏಕೆಂದರೆ ಉಳಿದ ತೊಂಬತ್ತೊಂಬತ್ತು ಮಂದಿಯ ಆಟವನ್ನು ಯಾರೂ ತಡೆಯಲಾರರು. ಎದ್ದುಹೋದರೆ ತಂಡದ ಉಳಿದ ಮೂವರ ಬಲ ಕುಗ್ಗುತ್ತದೆ. ಆದ್ದರಿಂದ ಪಂದ್ಯದ ನಡುವೆ "ಬನ್ನಿ" ಎಂದು ಕರೆಯುವುದು ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ ಬಾಗಿಲಿಗೆ ಬಾ ಎಂದಂತೆ. ಬರುವವನು ಸಿಟ್ಟಿನಿಂದಲೇ ಬರುತ್ತಾನೆ, ಅದು ಅವನ ಭಕ್ತಿಯ ಕೊರತೆಯಲ್ಲ. ಪಂದ್ಯವನ್ನು ಯಾವಾಗ ಮುಗಿಸಬೇಕು ಎಂಬುದಕ್ಕಿಂತ ಕಡೆಯ ಪಂದ್ಯವನ್ನು ಯಾವಾಗ ಶುರುಮಾಡಬಹುದು ಎಂಬುದನ್ನು ನಿಗದಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಮುಂಚಿನ ನಲವತ್ತು ನಿಮಿಷಗಳಲ್ಲಿ ಯಾರೂ ಹೊಸ ಪಂದ್ಯಕ್ಕೆ ಇಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ದಿನವೂ ಬಂದವರಿಗೆ ಬಹುಮಾನ, ತಿಂಗಳ ಪಾಸ್, ಇಂತಿಷ್ಟು ಗಂಟೆಯೊಳಗೆ ಮುಗಿಸಬೇಕಾದ ಗುರಿ ಇವೆಲ್ಲ ಆಟಗಾರನನ್ನು ದಿನವೂ ಕರೆತರಲೆಂದೇ ಲೆಕ್ಕಹಾಕಿ ಮಾಡಿದವು. ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಇನ್ನೊಂದು ಫೋನ್ ಆಟದಲ್ಲಿ ತಂಡಗಳ ನಡುವೆ ನಡೆಯುವ ಯುದ್ಧದಲ್ಲಿ ಒಂದು ದಿನ ಸಿದ್ಧತೆಗೆ, ಮರುದಿನ ದಾಳಿಗೆ ಎಂದು ಗೊತ್ತುಮಾಡಿರುತ್ತಾರೆ. ಆ ಗಡಿಯಾರಕ್ಕೆ ನಮ್ಮ ಮನೆಯ ಊಟ, ಪ್ರಾರ್ಥನೆ, ಮಗುವಿನ ಜ್ವರ ಯಾವುದೂ ತಿಳಿದಿರುವುದಿಲ್ಲ. ನಮ್ಮ ಸಂಜೆಯ ವೇಳಾಪಟ್ಟಿಯನ್ನು ಯಾರು ಬರೆಯಬೇಕು ಎಂಬ ಪ್ರಶ್ನೆಯನ್ನು ವಿಶ್ವಾಸಿಯಾದವನು ಗಂಭೀರವಾಗಿ ಕೇಳಿಕೊಳ್ಳಬೇಕು.

ಕೊಳ್ಳೇಗಾಲದವನು
ಪ್ರಾರ್ಥನೆಯನ್ನು ಎಂಟಕ್ಕೆ ಇಟ್ಟುಕೊಂಡರೆ ಮುಗಿಯಿತಲ್ಲವೇ?

ಹಾಸನದ ಹಿರಿಯ
ಅಂದರೆ ಆಟ ತನ್ನ ಜಾಗದಲ್ಲೇ ಇರಬೇಕು, ದೇವರ ಹೊತ್ತು ಸರಿದು ದಾರಿ ಬಿಡಬೇಕು! ಇದನ್ನು ನಾನು ಒಪ್ಪುವುದಿಲ್ಲ.

ಸಂಡೇ ಸ್ಕೂಲ್ ಶಿಕ್ಷಕಿ, ಶಿವಮೊಗ್ಗ
ಹಿರಿಯರೇ, ಒಂಬತ್ತು ಗಂಟೆ ಎಂಬುದು ದೇವರು ವಿಧಿಸಿದ ಹೊತ್ತಲ್ಲ. ನಮ್ಮ ಅಜ್ಜನ ಮನೆಯಲ್ಲಿ ಹಸು ಕರೆದು, ಕೊಟ್ಟಿಗೆಯ ಕೆಲಸ ಮುಗಿದ ಮೇಲೆ ಪ್ರಾರ್ಥನೆ ನಡೆಯುತ್ತಿತ್ತು. ಕೊಯ್ಲಿನ ಕಾಲದಲ್ಲಿ ಅದು ಬೆಳಗಿನ ಜಾವಕ್ಕೆ ಹೋಗುತ್ತಿತ್ತು. ಸಬ್ಬತ್ ದಿನವು ಮನುಷ್ಯರಿಗಾಗಿ ಉಂಟಾಯಿತು, ಮನುಷ್ಯರು ಸಬ್ಬತ್ ದಿನಕ್ಕಾಗಿ ಅಲ್ಲ ಎಂಬ ಯೇಸುವಿನ ಮಾತು ಮಾರ್ಕನ ಎರಡನೆಯ ಅಧ್ಯಾಯದಲ್ಲಿದೆ. ಎಂಟಕ್ಕೆ ಮನೆಯವರೆಲ್ಲ ಕೂಡುವುದಾದರೆ, ಒಂಬತ್ತಕ್ಕೆ ಅತ್ತೆಯವರು ಒಬ್ಬರೇ ಕೂತಿರುವುದಕ್ಕಿಂತ ಅದೇ ಮೇಲು.

ಹಾಸನದ ಹಿರಿಯ
ಟೀಚರ್, ನಿಮ್ಮ ಅಜ್ಜನವರು ಹೊತ್ತು ಬದಲಿಸಿದ್ದು ದುಡಿಮೆಗಾಗಿ. ಇಲ್ಲಿ ಬದಲಿಸುವುದು ವಿನೋದಕ್ಕಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇಂದು ಎಂಟಕ್ಕೆ ತಂದರೆ ನಾಳೆ ಆ ಗೆಳೆಯರು ಎಂಟಕ್ಕೇ ಬರುತ್ತಾರೆ.

ಸಂಡೇ ಸ್ಕೂಲ್ ಶಿಕ್ಷಕಿ, ಶಿವಮೊಗ್ಗ
ಕಡೆಯ ಮಾತನ್ನು ಒಪ್ಪುತ್ತೇನೆ. ಹೊತ್ತನ್ನು ಒಮ್ಮೆ ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಅದು ಕದಲಬಾರದು.

ಕುವೈತ್‌ವಾಸಿ, ಮೂಲ ಉಡುಪಿ
ಇದುವರೆಗೆ ಬರೆದವರೆಲ್ಲ ಆಟವು ಕುಟುಂಬವನ್ನು ಒಡೆಯುತ್ತದೆ ಎಂಬ ನೆಲೆಯಿಂದಲೇ ಮಾತಾಡುತ್ತಿದ್ದೀರಿ. ನನ್ನ ಹೆಂಡತಿ, ಮಗ ಉಡುಪಿಯಲ್ಲಿದ್ದಾರೆ, ನಾನು ಇಲ್ಲಿ ಕಟ್ಟಡ ನಿರ್ಮಾಣದ ಮೇಲ್ವಿಚಾರಕ. ಫೋನ್ ಮಾಡಿದರೆ ಮಗ "ಊಟ ಆಯಿತು, ಶಾಲೆ ಚೆನ್ನಾಗಿದೆ" ಎಂದು ಅಮ್ಮನಿಗೆ ಕೊಟ್ಟುಬಿಡುತ್ತಿದ್ದ. ಹನ್ನೆರಡು ವರ್ಷದ ಹುಡುಗನಿಗೆ, ರಜೆಯಲ್ಲಿ ಮಾತ್ರ ಕಾಣುವ ಅಪ್ಪನ ಹತ್ತಿರ ಇನ್ನೇನು ಮಾತಿರುತ್ತದೆ? ಈಗ ನಾವಿಬ್ಬರೂ ಮೈನ್‌ಕ್ರಾಫ್ಟ್ ಎಂಬ ಕಟ್ಟುವ ಆಟದಲ್ಲಿ ಒಂದು ಊರನ್ನು ಕಟ್ಟುತ್ತಿದ್ದೇವೆ. ಅಲ್ಲಿ ಸಂಜೆ ಏಳು ಗಂಟೆಯಾದಾಗ ಇಲ್ಲಿ ನಾಲ್ಕೂವರೆ, ಆದ್ದರಿಂದ ನನ್ನ ರಜಾದಿನವಾದ ಶುಕ್ರವಾರ ಅವನ ಶಾಲೆ ಮುಗಿದ ಮೇಲೆ ಕೂಡಿ ಆಡುವುದು ಸುಲಭ. ಕಲ್ಲು ಜೋಡಿಸುತ್ತಾ ಜೋಡಿಸುತ್ತಾ ಶಾಲೆಯಲ್ಲಿ ಯಾರು ಚುಡಾಯಿಸಿದರು, ಯಾವ ಪಾಠ ತಲೆಗೆ ಹತ್ತಲಿಲ್ಲ ಎಂಬುದನ್ನು ಅವನೇ ಹೇಳುತ್ತಾನೆ. ಮುಗಿಸುವಾಗ ಹೆಡ್‌ಫೋನ್ ತೆಗೆಯುವ ಮುಂಚೆಯೇ ಇಬ್ಬರೂ ಕರ್ತನ ಪ್ರಾರ್ಥನೆಯನ್ನು ಹೇಳುತ್ತೇವೆ. ದೂರದ ತಂದೆಗೆ ಇದು ಸಣ್ಣ ವರವಲ್ಲ. ಅಕ್ಕನವರೇ, ನಿಮ್ಮ ಯಜಮಾನರ ಮಾತಿನಲ್ಲಿ ನಿಜಾಂಶವಿದೆ, ಅದನ್ನು ತಳ್ಳಿಹಾಕಬೇಡಿ.

ಪಿಯುಸಿ ವಿದ್ಯಾರ್ಥಿ
ಕುವೈತ್ ಅಂಕಲ್ ಬರೆದದ್ದನ್ನು ಓದಿ ತುಂಬಾ ಸಂತೋಷವಾಯಿತು. ಹಿರಿಯರ ಮೇಲೆ ಗೌರವವಿಟ್ಟೇ ಒಂದು ಮಾತು ಹೇಳುತ್ತೇನೆ. ಸಭೆಯಲ್ಲಿ ನಮ್ಮ ಆಟದ ಬಗ್ಗೆ ಪ್ರಸಂಗಗಳನ್ನು ಕೇಳಿದ್ದೇವೆ, ಆದರೆ ನಾವು ಯಾರ ಜೊತೆ ಆಡುತ್ತೇವೆ, ವಾಯ್ಸ್ ಚಾಟ್‌ನಲ್ಲಿ ಎಂಥ ಬೈಗುಳಗಳನ್ನು ಕೇಳುತ್ತೇವೆ ಎಂದು ಯಾರೂ ನಮ್ಮನ್ನು ಕೂರಿಸಿ ಕೇಳಿಲ್ಲ. ನನಗೆ ನಿಜವಾಗಿ ಕಷ್ಟವಾದದ್ದು ಅಲ್ಲೇ. ಗುರುತು ಪರಿಚಯವಿಲ್ಲದವರು ತಾಯಿ, ಅಕ್ಕಂದಿರ ಹೆಸರೆತ್ತಿ ಬೈಯುತ್ತಾರೆ, ಸ್ವಲ್ಪ ದಿನಕ್ಕೆ ಅದೇ ಭಾಷೆ ನಮ್ಮ ಬಾಯಿಗೂ ಬರುತ್ತದೆ. ಗುಂಡು ಹಾರಿಸುವುದು ಆಟವೆಂದು ನಮಗೆ ಗೊತ್ತು, ಆದರೆ ಬೈಗುಳ ಆಟವಲ್ಲ, ಅದು ನಿಜವಾದ ಮನುಷ್ಯನಿಗೆ ತಗಲುತ್ತದೆ. ನಾನೀಗ ಅಪರಿಚಿತರ ಧ್ವನಿಯನ್ನು ಮ್ಯೂಟ್ ಮಾಡಿ, ಯುವಕ ಸಂಘದ ಗೆಳೆಯರ ಜೊತೆಯಲ್ಲಿ ಮಾತ್ರ ಮಾತಾಡುತ್ತಾ ಆಡುತ್ತೇನೆ.

ಇನ್ನೊಂದು ಮಾತು. ನಮ್ಮ ಫೋನನ್ನು ಕಿತ್ತುಕೊಳ್ಳುವ ದೊಡ್ಡವರು ಊಟದ ಹೊತ್ತಿನಲ್ಲಿ ತಾವು ರೀಲ್ಸ್ ನೋಡುತ್ತಿರುತ್ತಾರೆ. ತಂದೆಗಳೇ, ನಿಮ್ಮ ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿರಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ಇದಕ್ಕೂ ಸಲ್ಲುತ್ತದೆ ಎಂದುಕೊಂಡಿದ್ದೇನೆ.

ಮಂಗಳೂರಿನ ಕಥೋಲಿಕ್ ತಾಯಿ
ಚೆನ್ನಾಗಿ ಹೇಳಿದೆ ಮಗಾ. ನಮ್ಮ ಕೊಂಕಣಿ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಎಂದರೆ ಇದೇ ಕಥೆ. ಹಿಂದೆ ಟಿವಿ ಧಾರಾವಾಹಿ ಅದಕ್ಕೆ ಅಡ್ಡ ಬರುತ್ತಿತ್ತು, ಈಗ ಫೋನ್ ಬಂದಿದೆ. ನಮ್ಮ ಮನೆಯಲ್ಲಿ ಜಪಸರ ಹಿಡಿಯುವ ಮುಂಚೆ ಎಲ್ಲರ ಫೋನೂ, ನನ್ನದೂ ಸೇರಿ, ಪೀಠದ ಕೆಳಗಿನ ಡ್ರಾಯರಿಗೆ ಹೋಗುತ್ತದೆ. ದೊಡ್ಡವರದೂ ಹೋಗುವುದರಿಂದಲೇ ಮಕ್ಕಳು ಒಪ್ಪಿದ್ದಾರೆ.

2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಕಾರ್ಲೋ ಅಕುತಿಸ್ ಅವರನ್ನು ಸಂತರೆಂದು ಘೋಷಿಸಿದರು. 1991ರಲ್ಲಿ ಹುಟ್ಟಿ 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಹುಡುಗ ಅವರು. ಪ್ಲೇಸ್ಟೇಷನ್ ಎಂದರೆ ಇಷ್ಟವಿದ್ದರೂ ವಾರಕ್ಕೆ ಒಂದು ಗಂಟೆಯಷ್ಟೇ ಎಂದು ತಮಗೆ ತಾವೇ ಮಿತಿ ಹಾಕಿಕೊಂಡಿದ್ದರೆಂದು ಅವರ ಜೀವನ ಚರಿತ್ರೆಯಲ್ಲಿ ಹೇಳುತ್ತಾರೆ. ದಿನವೂ ಪೂಜೆಗೆ ಹೋಗುತ್ತಿದ್ದರು, ಪರಮಪ್ರಸಾದದ ಅದ್ಭುತಗಳ ಬಗ್ಗೆ ಜಾಲತಾಣ ಕಟ್ಟಿದರು. ಆಟವನ್ನು ದ್ವೇಷಿಸಿ ಸಂತರಾದವರಲ್ಲ ಅವರು, ಅದು ಎಷ್ಟು ಸಾಕು ಎಂದು ತಾವೇ ತೀರ್ಮಾನಿಸಿದವರು. ನನ್ನ ಮಕ್ಕಳಿಗೆ ಆ ಸಂಗತಿ ಹಿಡಿಸಿತು.

ಹಾಸನದ ಹಿರಿಯ
ನಮ್ಮ ಸಭೆಯಲ್ಲಿ ಸಂತರಿಗೆ ಪ್ರಾರ್ಥಿಸುವ ಪದ್ಧತಿಯಿಲ್ಲ. ಆದರೆ ಆ ಹುಡುಗನ ನಡತೆ ಮಾದರಿಯೇ ಸರಿ. ತನಗೆ ತಾನೇ ಮಿತಿ ಹಾಕಿಕೊಳ್ಳುವ ಮಕ್ಕಳು ಎಷ್ಟು ಮಂದಿ ಇದ್ದಾರೆ ಎಂಬುದೇ ನನ್ನ ಚಿಂತೆ. ಸರಕಾರವೇ ಮಿತಿ ಹಾಕುವುದು ಒಳ್ಳೆಯದಲ್ಲವೇ?

ಗೇಮ್ ಕಂಪನಿ ಉದ್ಯೋಗಿ, ಬೆಂಗಳೂರು
ಹಾಕಿ ನೋಡಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಹದಿನಾರರ ಒಳಗಿನವರು ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ಕಾನೂನು ತಂದು, ಸುಮಾರು ಹತ್ತು ವರ್ಷಗಳ ಮೇಲೆ ಅದನ್ನು ಕೈಬಿಟ್ಟರು. ಚೀನಾದಲ್ಲಿ 2021ರಿಂದ ಅಪ್ರಾಪ್ತರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅವಕಾಶ. ನಮ್ಮಲ್ಲಿ ಬಿಜಿಎಂಐ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಇಟ್ಟಿದೆ. ಆದರೆ ಹುಡುಗ ಅಜ್ಜಿಯ ಫೋನಿನಿಂದ, ಅಪ್ಪನ ಹೆಸರಿನ ಖಾತೆಯಿಂದ ಆಡಿದರೆ ಯಾವ ಮಿತಿ ತಾನೇ ಏನು ಮಾಡೀತು? ಮಕ್ಕಳ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್ ಫ್ಯಾಮಿಲಿ ಲಿಂಕ್‌ನಂಥ ಸಾಧನಗಳನ್ನು ಬಳಸಿ, ಆದರೆ ಮನೆಯ ಮಾತುಕತೆಯನ್ನು ಅದಕ್ಕೆ ಒಪ್ಪಿಸಿಬಿಡಬೇಡಿ.

ಬೀದರಿನ ಸಭಾಸದ
ಆಟದಲ್ಲಿ ಏನಿದೆ ಎಂಬುದನ್ನು ಯಾರೂ ಎತ್ತುತ್ತಿಲ್ಲ. ಎಷ್ಟು ಹೊತ್ತು ಎಂಬುದಷ್ಟೇ ಪ್ರಶ್ನೆಯೇ? ಸತ್ಯವೂ ಮಾನ್ಯವೂ ನ್ಯಾಯವೂ ಶುದ್ಧವೂ ಆದವುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ಪೌಲನು ಫಿಲಿಪ್ಪಿಯವರಿಗೆ ಬರೆಯುತ್ತಾನೆ. 2007ರಲ್ಲಿ ಸೋನಿಯ "ರೆಸಿಸ್ಟೆನ್ಸ್: ಫಾಲ್ ಆಫ್ ಮ್ಯಾನ್" ಎಂಬ ಆಟದಲ್ಲಿ ಮ್ಯಾಂಚೆಸ್ಟರ್ ಕೆಥೆಡ್ರಲ್‌ನ ಒಳಗೆ ಗುಂಡಿನ ಕಾಳಗವನ್ನು ತೋರಿಸಿದ್ದಕ್ಕೆ ಇಂಗ್ಲೆಂಡಿನ ಸಭೆ (ಚರ್ಚ್ ಆಫ್ ಇಂಗ್ಲೆಂಡ್) ಪ್ರತಿಭಟಿಸಿ, ಕಂಪನಿ ಕ್ಷಮೆ ಕೇಳಬೇಕಾಯಿತು. ಬಂದೂಕಿನ ಹಾವಳಿಯಿಂದ ನಿಜವಾಗಿ ನೊಂದಿದ್ದ ನಗರ ಅದು, ಹಾಗಾಗಿ ಅಲ್ಲಿನವರ ನೋವು ಬರಿಯ ಭಾವುಕತೆಯಾಗಿರಲಿಲ್ಲ.

ಕೊಳ್ಳೇಗಾಲದವನು
ಸತ್ಯವೇದದ ನ್ಯಾಯಸ್ಥಾಪಕರ ಗ್ರಂಥವನ್ನು ಓದಿದ್ದೀರಲ್ಲ, ಅಲ್ಲಿ ಯುದ್ಧವಿಲ್ಲವೇ?

ಬೀದರಿನ ಸಭಾಸದ
ಇದೆ. ಕೊಲ್ಲುವುದೇ ರಂಜನೆ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಆ ಗ್ರಂಥ ಮುಗಿಯುವುದೇ ಪ್ರತಿಯೊಬ್ಬನೂ ತನಗೆ ಸರಿತೋರಿದಂತೆ ನಡೆಯುತ್ತಿದ್ದನೆಂಬ ದುಃಖದಿಂದ.

ಸಂಡೇ ಸ್ಕೂಲ್ ಶಿಕ್ಷಕಿ, ಶಿವಮೊಗ್ಗ
ಆಟವನ್ನೇ ದೇವರು ಮೆಚ್ಚುವುದಿಲ್ಲ ಎಂಬ ಭಾವನೆ ಮಾತ್ರ ಮಕ್ಕಳಿಗೆ ಬರಬಾರದು. ದೇವರು ಯೆರೂಸಲೇಮನ್ನು ತಿರುಗಿ ಕಟ್ಟುವ ದಿನವನ್ನು ವರ್ಣಿಸುವಾಗ ಜೆಕರ್ಯನ ಎಂಟನೆಯ ಅಧ್ಯಾಯವು ಆ ಪಟ್ಟಣದ ಬೀದಿಗಳ ತುಂಬ ಹುಡುಗರೂ ಹುಡುಗಿಯರೂ ಆಡುತ್ತಿರುವರು ಎನ್ನುತ್ತದೆ. ಅದೇ ಬೀದಿಗಳಲ್ಲಿ ಮುಪ್ಪಿನಿಂದ ಕೋಲು ಹಿಡಿದ ಮುದುಕ ಮುದುಕಿಯರೂ ಕೂತಿರುತ್ತಾರೆ. ಎರಡು ತಲೆಮಾರುಗಳೂ ಒಂದೇ ಚೌಕದಲ್ಲಿ ಇರುವ ಆ ಚಿತ್ರವನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಅಕ್ಕನವರ ಮನೆಯಲ್ಲಿ ಅಜ್ಜಿಯವರು ಒಂದು ಕೋಣೆ, ಮೊಮ್ಮಗ ಇನ್ನೊಂದು ಕೋಣೆ ಆಗಿರುವುದೇ ನನಗೆ ಹೆಚ್ಚಿನ ಸಂಕಟ ತಂದಿತು.

ಸಮಾಜಕಾರ್ಯಕರ್ತೆ, ಮೈಸೂರು
ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು ಹೇಳಬೇಕಿದೆ. ಹೆಚ್ಚು ಆಡುವವರೆಲ್ಲ ವ್ಯಸನಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಆಡುವುದರ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಆಸಕ್ತಿ ಹಾಗೂ ದಿನನಿತ್ಯದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಎಂದು ಕಂಡರೂ ಬಿಡಲಾಗದಿರುವುದು, ಇದೆಲ್ಲ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ನಡೆದು ಬದುಕಿಗೆ ಗಣನೀಯ ಪೆಟ್ಟು ಕೊಟ್ಟಿರುವುದು ಅದರ ಲಕ್ಷಣ. ಧಾರವಾಡದ ಸಹೋದರಿಯ ಮನೆಯಲ್ಲಿ ಅಂಥದ್ದೇನೂ ನನಗೆ ಕಾಣುವುದಿಲ್ಲ. ಇಲ್ಲಿರುವುದು ಹೊತ್ತಿನ ಘರ್ಷಣೆ, ಜೊತೆಗೆ ಒಬ್ಬ ವೃದ್ಧೆಯ ಒಂಟಿತನ.

ನಿಜವಾಗಿ ಹತೋಟಿ ತಪ್ಪಿದ ಮಕ್ಕಳಿದ್ದರೆ "ದೆವ್ವ ಹಿಡಿದಿದೆ" ಎಂದು ಉಪವಾಸ ಕೂಟಗಳಿಗೆ ಮಾತ್ರ ಕರೆದೊಯ್ಯಬೇಡಿ. ಪ್ರಾರ್ಥಿಸಿ, ಜೊತೆಗೆ ಚಿಕಿತ್ಸೆಯನ್ನೂ ಕೊಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಎಷ್ಟೋ ಸಲ ಆಟದ ಹಿಂದೆ ಖಿನ್ನತೆ, ಶಾಲೆಯ ಭಯ, ಮನೆಯ ಜಗಳ ಅಡಗಿರುತ್ತವೆ. ಫೋನು ಕಿತ್ತುಕೊಂಡ ಮಾತ್ರಕ್ಕೆ ಅವು ಹೋಗುವುದಿಲ್ಲ.

ಹಾಸನದ ಹಿರಿಯ
ದೆವ್ವದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆ ರೀತಿ ಮಕ್ಕಳನ್ನು ಹೆದರಿಸುವುದನ್ನು ನಾನೂ ಒಪ್ಪುವುದಿಲ್ಲ.

ಗದಗಿನ ವ್ಯಾಪಾರಿ
ದುಡ್ಡಿನ ಮಾತೂ ಬರಲಿ. ರಮ್ಮಿಯಂಥ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಒಳ್ಳೆಯದಾಯಿತು. ಆದರೆ ಬಿಜಿಎಂಐನಲ್ಲಿ ಯುಸಿ (ಆಟದೊಳಗಿನ ನಾಣ್ಯ) ಕೊಂಡು ಬಟ್ಟೆ, ಬಂದೂಕಿನ ಬಣ್ಣ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆಟದಲ್ಲಿ ಕೊಳ್ಳುವ ಬಹುಮಾನದ ಪೆಟ್ಟಿಗೆಯೊಳಗೆ ಏನು ಬರುತ್ತದೆ ಎಂದು ತಿಳಿಯದೆ ಹಣ ಕೊಡುವ ವ್ಯವಸ್ಥೆ ಇದ್ದರೆ ಅದು ಅದೃಷ್ಟದಾಟಕ್ಕೆ ತೀರ ಹತ್ತಿರ. ಬೆಲ್ಜಿಯಂ 2018ರಲ್ಲೇ ಅಂಥ ಪೆಟ್ಟಿಗೆಗಳನ್ನು ಜೂಜೆಂದು ತೀರ್ಮಾನಿಸಿತು. ನಮ್ಮ ಮನೆಯಲ್ಲಿ ಮಕ್ಕಳ ಫೋನಿಗೆ ಯುಪಿಐ ಜೋಡಿಸುವುದಿಲ್ಲ, ಆಟಕ್ಕೆ ಖರ್ಚಾಗುವ ಪ್ರತಿ ರೂಪಾಯಿಯನ್ನೂ ಕಾಣಿಕೆ, ದಿನಸಿ ಬರೆಯುವ ಅದೇ ಪುಸ್ತಕದಲ್ಲಿ ಬರೆಯುತ್ತೇವೆ. ಬರೆಯಬೇಕಾಗಿ ಬಂದಾಗ ಮಗನೇ ಯೋಚಿಸುತ್ತಾನೆ.

ಧಾರವಾಡದ ಗೃಹಿಣಿ
ಇಷ್ಟು ಮಂದಿ ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೃತಜ್ಞಳು. ನಿನ್ನೆ ರಾತ್ರಿ ಯಜಮಾನರಿಗೆ ಇದನ್ನು ಓದಲು ಕೊಟ್ಟೆ. ಕುವೈತ್ ಸಹೋದರರ ಬರಹವನ್ನು ಎರಡು ಸಲ ಓದಿದರು. ಸಮಾಜಕಾರ್ಯಕರ್ತೆಯವರು ಅತ್ತೆಯವರ ಒಂಟಿತನದ ಬಗ್ಗೆ ಬರೆದ ಸಾಲಿಗೆ ಬಂದಾಗ ಏನೂ ಮಾತಾಡಲಿಲ್ಲ. ಎಂಟೂಕಾಲಿನ ನಂತರ ಹೊಸ ಪಂದ್ಯವಿಲ್ಲ, ಪ್ರಾರ್ಥನೆ ಒಂಬತ್ತಕ್ಕೇ ಇರಲಿ, ಆಮೇಲೆ ಬೇಕಾದರೆ ಒಂದು ಪಂದ್ಯ ಎಂದು ತಾವೇ ಹೇಳಿದ್ದಾರೆ. ಆದರೆ ಶಾಲೆಯಿರುವ ದಿನ ಮಗ ಹತ್ತಕ್ಕೆ ಮಲಗಬೇಕಲ್ಲ ಎಂಬುದು ನನ್ನ ವಾದ, ಅದಿನ್ನೂ ತೀರ್ಮಾನವಾಗಿಲ್ಲ.

ಇನ್ನೊಂದು ಪ್ರಶ್ನೆ ಎದ್ದಿದೆ. ಮುಂದಿನ ತಿಂಗಳು ಗೆಳೆಯರೆಲ್ಲ ಸೇರಿ ನಡೆಸುವ ಒಂದು ಟೂರ್ನಮೆಂಟಿನ ಅಂತಿಮ ಪಂದ್ಯ ಭಾನುವಾರ ಬೆಳಿಗ್ಗೆ ಹತ್ತಕ್ಕಂತೆ. ಆರಾಧನೆ ಒಂಬತ್ತೂವರೆಗೆ. ಮಗ ಕಣ್ಣೀರು ಹಾಕುತ್ತಿದ್ದಾನೆ.

ಹಾಸನದ ಹಿರಿಯ
ಮಗನಿಗೆ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್‌ರ ಬಗ್ಗೆ ಹೇಳಿ ತಂಗೀ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಆರಂಭದ ಸುತ್ತು ಭಾನುವಾರ ಬಂದದ್ದರಿಂದ ಅವರು ಆ ಓಟವನ್ನೇ ಬಿಟ್ಟರು. ನಾನೂರು ಮೀಟರ್ ಓಡಿ ಚಿನ್ನ ಗೆದ್ದರು. ಆಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋಗಿ, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡರು. ಆಟವನ್ನು ಪ್ರೀತಿಸಿದವರೇ ಅವರು.

ಪಿಯುಸಿ ವಿದ್ಯಾರ್ಥಿ
ಲಿಡ್ಡೆಲ್ ಅವರ ಮೇಲೆ ಯಾರೂ ಒತ್ತಾಯ ಮಾಡಲಿಲ್ಲ ಅಂಕಲ್, ತೀರ್ಮಾನ ಅವರದೇ ಆಗಿತ್ತು. ಒಂಬತ್ತನೆಯ ತರಗತಿಯ ಹುಡುಗನಿಗೂ ತಾನೇ ತೀರ್ಮಾನಿಸುವ ಅವಕಾಶ ಸ್ವಲ್ಪವಾದರೂ ಇರಲಿ.

ಹಾಸನದ ಹಿರಿಯ
ಇರಲಿ. ಆದರೆ ತೀರ್ಮಾನಿಸುವ ಮುಂಚೆ ಅವನಿಗೆ ಆ ಕಥೆ ಗೊತ್ತಿರಲಿ.

ಗೇಮ್ ಕಂಪನಿ ಉದ್ಯೋಗಿ, ಬೆಂಗಳೂರು
ಗೆಳೆಯರೇ ನಡೆಸುವ ಟೂರ್ನಮೆಂಟ್ ಎಂದಿದ್ದೀರಿ. ಅಂಥ ಪಂದ್ಯಗಳನ್ನು ಕಸ್ಟಮ್ ರೂಮಿನಲ್ಲಿ ಆಡಿಸುತ್ತಾರೆ, ಆ ರೂಮನ್ನು ತೆರೆಯುವವನು ಇಟ್ಟದ್ದೇ ಹೊತ್ತು. ಕಂಪನಿಯ ಅಧಿಕೃತ ಸ್ಪರ್ಧೆಯಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಇಲ್ಲಿ ಹಾಗಿಲ್ಲ. "ನಾವು ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತೇವೆ, ಮಧ್ಯಾಹ್ನ ಎರಡಕ್ಕೆ ಇಡಬಹುದೇ" ಎಂದು ಮಗನೇ ಗುಂಪಿನಲ್ಲಿ ಕೇಳಲಿ. ತಂದೆಯೂ ಅದೇ ತಂಡದಲ್ಲಿರುವುದರಿಂದ ಅವರು ಅವನ ಪಕ್ಕದಲ್ಲಿ ನಿಲ್ಲಲಿ. ಇನ್ನೂ ಒಂದು ತಿಂಗಳಿದೆ, ಇಂದೇ ಕೇಳಿದರೆ ಬದಲಿಸುವುದು ಕಷ್ಟವಾಗಲಾರದು.

ಧಾರವಾಡದ ಗೃಹಿಣಿ
ರೂಮಿನ ಹೊತ್ತನ್ನು ಬದಲಿಸಬಹುದೆಂಬುದು ನನಗೆ ಗೊತ್ತೇ ಇರಲಿಲ್ಲ. ಇವತ್ತು ಸಂಜೆಯೇ ಕೇಳಲು ಹೇಳುತ್ತೇನೆ. ಅವರು ಒಪ್ಪದಿದ್ದರೆ ಏನು ಮಾಡುವಿರಿ ಎಂದು ಯಜಮಾನರನ್ನು ಕೇಳಿದೆ, "ನಾನಂತೂ ಚರ್ಚಿನಲ್ಲಿರುತ್ತೇನೆ" ಎಂದರು.